ಬಾಂದುಕಲ್ಲಿಲ್ಲದ ಹೆಸರುಗಳು: ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಮಹಾನಿರ್ದೇಶಕರು,
ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಕೋಲ್ಕತ್ತಾ.

ಮಾನ್ಯರೇ, ನಮಸ್ಕಾರ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಪಳೆಯುಳಿಕೆ ಅಗೆದವಳಲ್ಲ, ಅದರ ಬಗ್ಗೆ ಓದಿದವಳು ಅಷ್ಟೇ. ಈ ಪತ್ರ ಬರೆಯೋಕೆ ಕಾರಣ ಒಂದು ಡ್ರಾಯಿಂಗ್ ಶೀಟು.

ನಮ್ಮ ತಾಲ್ಲೂಕಿನಲ್ಲಿ ಮಕ್ಕಳ ವಿಜ್ಞಾನ ವಸ್ತುಪ್ರದರ್ಶನ ಇತ್ತು. ನನ್ನ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು 'ಭಾರತದ ಡೈನೋಸಾರ್‌ಗಳು' ಅಂತ ಚಾರ್ಟ್ ಮಾಡಿದ್ದಳು. ಮೊದಲ ಸಾಲಿನಲ್ಲಿ ಟೈಟಾನೋಸಾರಸ್ ಇಂಡಿಕಸ್. ಕೊನೆಯಲ್ಲಿ, ಕೆಂಪು ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ, ಬೃಹತ್ಕಾಯೋಸಾರಸ್. ತೀರ್ಪುಗಾರರಲ್ಲಿ ಒಬ್ಬರು ಮೊಬೈಲ್ ತೆಗೆದು ನೋಡಿ, "ಇವೆರಡೂ ಈಗ ಇಲ್ಲಮ್ಮಾ, ಕ್ಯಾನ್ಸಲ್ ಆಗಿವೆ" ಅಂದರು. ಇನ್ನೊಬ್ಬರು, "ಪುಸ್ತಕದಲ್ಲಿ ಇದೆಯಲ್ಲ ಸಾರ್" ಅಂದರು. ಇಬ್ಬರೂ ಸ್ವಲ್ಪ ಹೊತ್ತು ವಾದ ಮಾಡಿದರು. ಕೊನೆಗೆ ಮಾರ್ಕ್ಸ್ ಕಟ್ ಆಗಿದ್ದು ಹುಡುಗಿಗೆ. ವಾಪಸ್ ಬರುವಾಗ ಬಸ್ಸಿನಲ್ಲಿ ಸುರುಳಿ ಸುತ್ತಿದ ಚಾರ್ಟನ್ನು ತೊಡೆ ಮೇಲೆ ಇಟ್ಟುಕೊಂಡು ಕೇಳಿದಳು: "ಮಿಸ್, ಹೆಸರು ಕ್ಯಾನ್ಸಲ್ ಆದ್ರೆ ಪ್ರಾಣಿ ಎಲ್ಲಿ ಹೋಯ್ತು?"

ಉತ್ತರ ಹೇಳೋಕೆ ನನಗೆ ಮೂರು ತಿಂಗಳು ಬೇಕಾಯಿತು. ಓದುತ್ತಾ ಹೋದ ಹಾಗೆ ದಾರಿ ನಿಮ್ಮ ಸಂಸ್ಥೆಯ ಬಾಗಿಲಿಗೇ ಬಂದು ನಿಂತಿತು. ಅದಕ್ಕೇ ಈ ಪತ್ರ ನಿಮಗೆ.

ಟೈಟಾನೋಸಾರಸ್ ಕಥೆ ಶುರುವಾಗೋದು 1828ರಲ್ಲಿ, ಜಬಲ್ಪುರದ ಬಡಾ ಸಿಮ್ಲಾ ಗುಡ್ಡದಲ್ಲಿ. ಥಗ್ಗರನ್ನು ಬಗ್ಗುಬಡಿದ ಅಂತ ನಾವೆಲ್ಲ ಇತಿಹಾಸದಲ್ಲಿ ಓದಿದ ಸ್ಲೀಮನ್ ಸಾಹೇಬರಿಗೆ ಅಲ್ಲಿ ಕಲ್ಲಾಗಿಹೋದ ಮೂಳೆಗಳು ಸಿಕ್ಕವು. ಆಗಿನ್ನೂ 'ಡೈನೋಸಾರ್' ಅನ್ನೋ ಪದವೇ ಹುಟ್ಟಿರಲಿಲ್ಲ. ಅದು ಬಂದದ್ದು 1842ರಲ್ಲಿ. ಅಂದರೆ ನಮ್ಮ ದೇಶದ ಮೂಳೆ ಹದಿನಾಲ್ಕು ವರ್ಷ ಜಾತಿ ಗೊತ್ತಿಲ್ಲದೆ ಕೂತಿತ್ತು. ಆಮೇಲೆ 1877ರಲ್ಲಿ ನಿಮ್ಮ ಸಂಸ್ಥೆಯಲ್ಲೇ ಇದ್ದ ರಿಚರ್ಡ್ ಲಿಡೆಕರ್ ಅದಕ್ಕೆ ಟೈಟಾನೋಸಾರಸ್ ಇಂಡಿಕಸ್ ಅಂತ ನಾಮಕರಣ ಮಾಡಿದರು. ಹೆಸರು ನಿಂತದ್ದು ಮುಖ್ಯವಾಗಿ ಬಾಲದ ಎರಡು ಬೆನ್ನುಮಣಿಗಳ ಮೇಲೆ.

ಆ ಮಣಿಗಳಲ್ಲಿ ಏನು ವಿಶೇಷ? ಮುಂದಿನ ಕಡೆ ಬಟ್ಟಲಿನ ಹಾಗೆ ಗುಳಿ, ಹಿಂದಿನ ಕಡೆ ಚೆಂಡಿನ ಹಾಗೆ ಉಬ್ಬು. ಒಂದರ ಉಬ್ಬು ಹಿಂದಿನದರ ಗುಳಿಯಲ್ಲಿ ಕೂರುತ್ತದೆ. ಒರಳಿನ ಗುಳಿಯಲ್ಲಿ ಗುಂಡುಕಲ್ಲು ಕೂತ ಹಾಗೆ. ಕ್ಲಾಸಿನಲ್ಲಿ ಇದನ್ನು ತೋರಿಸೋಕೆ ನಾನು ಮನೆಯಿಂದ ಎರಡು ಬಟ್ಟಲು ಮತ್ತು ಎರಡು ಮೋಸಂಬಿ ತಗೊಂಡು ಹೋಗಿದ್ದೆ. ಮೋಸಂಬಿ ಆಮೇಲೆ ಏನಾಯಿತು ಅಂತ ಕೇಳಬೇಡಿ.

1877ರಲ್ಲಿ ಇಂಥ ಬಾಲದ ಮಣಿ ಇದ್ದ ಇಷ್ಟು ದೊಡ್ಡ ಡೈನೋಸಾರ್ ಬೇರೆ ಯಾವುದೂ ಗೊತ್ತಿರಲಿಲ್ಲ. ಊರಿಗೊಬ್ಬಳೇ ಪದ್ಮಾವತಿ. ಆದರೆ ಮುಂದೆ ಅರ್ಜೆಂಟೀನಾದಲ್ಲಿ ಸಿಕ್ಕಿತು, ಮಡಗಾಸ್ಕರ್‌ನಲ್ಲಿ ಸಿಕ್ಕಿತು, ಯುರೋಪಿನಲ್ಲಿ ಸಿಕ್ಕಿತು, ಲಾವೋಸ್‌ನಲ್ಲೂ ಸಿಕ್ಕಿತು. ಗುಳಿ-ಉಬ್ಬಿನ ಬಾಲ ಕಂಡಲ್ಲೆಲ್ಲ 'ಟೈಟಾನೋಸಾರಸ್' ಅಂತ ಚೀಟಿ ಅಂಟಿಸಿದರು. ಹೀಗೆ ಒಂದೇ ಹೆಸರಿನ ಕೆಳಗೆ ಹದಿನಾಲ್ಕು ಪ್ರಭೇದಗಳು ಸೇರಿಕೊಂಡವು, ಆರು ಕೋಟಿ ವರ್ಷಗಳಷ್ಟು ಅಂತರದವು. ಯೋಚನೆ ಮಾಡಿ, ಡೈನೋಸಾರ್‌ಗಳು ಹೋಗಿ ನಾವು ಬರೋದಕ್ಕೆ ಹಿಡಿದ ಕಾಲವೂ ಹೆಚ್ಚುಕಡಿಮೆ ಅಷ್ಟೇ.

2003ರಲ್ಲಿ ಜೆಫ್ರಿ ವಿಲ್ಸನ್ ಮತ್ತು ಪಾಲ್ ಅಪ್‌ಚರ್ಚ್ ಅನ್ನುವವರು ಕೂತು ಈ ಹದಿನಾಲ್ಕನ್ನೂ ಒಂದೊಂದಾಗಿ ಪರೀಕ್ಷೆ ಮಾಡಿದರು. ಬೇರೆ ಅಂತ ಗುರುತಿಸಬಹುದಾದವು ಐದೇ. ಎಲ್ಲದಕ್ಕೂ ಮೂಲವಾದ ನಮ್ಮ ಇಂಡಿಕಸ್ ಆ ಐದರಲ್ಲಿ ಇಲ್ಲ. ಲಿಡೆಕರ್ ತಪ್ಪು ಮಾಡಿದರು ಅಂತಲ್ಲ. ಅವರ ಕಾಲಕ್ಕೆ ವಿಶೇಷವಾಗಿದ್ದ ಗುರುತು ಆಮೇಲೆ ಇಡೀ ಮನೆತನದ ಗುರುತಾಯಿತು. 'ಮೀಸೆ ಇರುವ ಗಂಡಸು' ಅಂತ ವಿಳಾಸ ಬರೆದರೆ ಪೋಸ್ಟ್‌ಮ್ಯಾನ್ ಯಾರಿಗೆ ಕಾಗದ ಕೊಡಬೇಕು? ತಮಾಷೆ ಏನೆಂದರೆ, ಈ ಗುಂಪನ್ನು ಇಡೀ ಜಗತ್ತು ಇವತ್ತಿಗೂ ಟೈಟಾನೋಸಾರ್‌ಗಳು ಅಂತಲೇ ಕರೆಯುತ್ತದೆ. ಮನೆತನದ ಹೆಸರು ಗಟ್ಟಿ, ಯಜಮಾನನ ಗುರುತೇ ಅನುಮಾನ.

ಹಾಗಂತ ಹೆಸರು 'ಕ್ಯಾನ್ಸಲ್' ಆಗಿಲ್ಲ. ಇದನ್ನು ಆ ತೀರ್ಪುಗಾರರಿಗೆ ಹೇಳಬೇಕಿತ್ತು. ಪ್ರಾಣಿಗಳ ನಾಮಕರಣಕ್ಕೆ ಅಂತರರಾಷ್ಟ್ರೀಯ ನಿಯಮಗಳಿವೆ. ಒಮ್ಮೆ ಸರಿಯಾಗಿ ಇಟ್ಟ ಹೆಸರು ದಾಖಲೆಯಲ್ಲಿ ಉಳಿಯುತ್ತದೆ, ಅದನ್ನು ಬೇರೆ ಪ್ರಾಣಿಗೆ ಇಡುವ ಹಾಗಿಲ್ಲ. ಇದಕ್ಕೂ ಟೈಟಾನೋಸಾರಸ್ಸೇ ಸಾಕ್ಷಿ. ಅದೇ 1877ರಲ್ಲಿ ಅಮೆರಿಕದ ಮಾರ್ಷ್ ಕೂಡ ತನಗೆ ಸಿಕ್ಕ ಒಂದು ತುಂಡಿಗೆ ಟೈಟಾನೋಸಾರಸ್ ಅಂತಲೇ ಹೆಸರಿಟ್ಟ. ಆ ಹೆಸರು ಆಗಲೇ ಭಾರತಕ್ಕೆ ಹೋಗಿದೆ ಅಂತ ಗೊತ್ತಾಗಿ ಅಟ್ಲಾಂಟೋಸಾರಸ್ ಅಂತ ಬದಲಾಯಿಸಿದ. ಈಗ ಅಟ್ಲಾಂಟೋಸಾರಸ್ ಕೂಡ ಸಂದೇಹದ ಹೆಸರುಗಳ ಪಟ್ಟಿಯಲ್ಲೇ ಇದೆ!

ಈಗ ನನ್ನ ದೂರಿಗೆ ಬರುತ್ತೇನೆ. ನಮ್ಮ ಕಡೆ ಹೊಲದ ಜಗಳ ಹೇಗೆ ತೀರುತ್ತದೆ ಅಂತ ನಿಮಗೆ ಗೊತ್ತು. ಪಹಣಿಯಲ್ಲಿ ಹೆಸರಿದ್ದರೆ ಸಾಲದು. ಸರ್ವೆಯವರು ಬಂದು ಸರಪಳಿ ಹಿಡಿದು, ಬಾಂದುಕಲ್ಲು ಎಲ್ಲಿದೆ ಅಂತ ಹುಡುಕುತ್ತಾರೆ. ಕಲ್ಲಿದ್ದರೆ ಜಗಳ ಎಷ್ಟು ದೊಡ್ಡದಾದರೂ ಒಂದು ದಿನ ತೀರುತ್ತದೆ. ಕಲ್ಲೇ ಇಲ್ಲದಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಕೋರ್ಟು. ಪ್ರಾಣಿಯ ಹೆಸರಿಗೆ ಬಾಂದುಕಲ್ಲು ಅಂದರೆ ಅದರ ಮೂಲ ಮಾದರಿ, ಹೆಸರಿಡುವಾಗ ಯಾವ ಮೂಳೆಯನ್ನು ಕೈಯಲ್ಲಿ ಹಿಡಿದಿದ್ದರೋ ಅದು. ನಿಮ್ಮದು ಹೆಸರಲ್ಲೇ ಸರ್ವೆ ಇಲಾಖೆ. ನಮ್ಮ ಬಾಂದುಕಲ್ಲುಗಳು ಎಲ್ಲಿವೆ ಸಾರ್?

ಟೈಟಾನೋಸಾರಸ್ಸಿನ ಆ ಬಾಲದ ಮೂಳೆ ಎಷ್ಟೋ ಕಾಲ ಕಳೆದುಹೋಗಿದೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಕೊನೆಗೆ 2012ರಲ್ಲಿ ಸಿಕ್ಕಿತು. ಎಲ್ಲಿ? ಕೋಲ್ಕತ್ತಾದಲ್ಲಿ, ನಿಮ್ಮದೇ ಸಂಗ್ರಹದಲ್ಲಿ. ಧನಂಜಯ ಮೊಹಬೆ ಮತ್ತು ಜೊತೆಗಾರರು ಅದನ್ನು 2013ರಲ್ಲಿ ನಮ್ಮ ಬೆಂಗಳೂರಿನಿಂದ ಬರುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿದರು. ಓದಿ ಖುಷಿಯೂ ಆಯಿತು, ಸಂಕಟವೂ ಆಯಿತು. ದೇಶದ ಮೊದಲ ಡೈನೋಸಾರ್ ಮನೆಯೊಳಗೇ ಇತ್ತು, ಹುಡುಕಾಟ ಮಾತ್ರ ಊರೆಲ್ಲ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಅನ್ನೋ ಗಾದೆ ಅಜ್ಜಿ ಹೇಳುತ್ತಿದ್ದರು.

ಬೃಹತ್ಕಾಯೋಸಾರಸ್ ಕಥೆ ಇನ್ನೂ ಸಂಕಟದ್ದು. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ನನ್ನ ಹುಡುಗಿ ಅದರ ಹೆಸರು ನೋಡಿದ ಕೂಡಲೇ "ಮಿಸ್, ಇದು ಕನ್ನಡದ ಹೆಸರಲ್ವಾ?" ಅಂದಿದ್ದಳು. ಮೂಲ ಸಂಸ್ಕೃತ, ಆದರೆ ಬೃಹತ್ಕಾಯ ಅಂದರೆ ನಮ್ಮ ಮಕ್ಕಳಿಗೆ ನಿಘಂಟು ಬೇಡ. ಡೈನೋಸಾರ್ ಹೆಸರುಗಳಲ್ಲಿ ಲ್ಯಾಟಿನ್ ಗ್ರೀಕ್ ಓದಿ ಓದಿ ನಾಲಿಗೆ ಹೊರಳದ ಮಕ್ಕಳಿಗೆ ಇದೊಂದು ಸ್ವಂತದ್ದು ಅನ್ನಿಸುತ್ತದೆ.

ತಮಿಳುನಾಡಿನ ತಿರುಚ್ಚಿ ಕಡೆ, ಈಗಿನ ಅರಿಯಲೂರು ಸೀಮೆಯ ಕಲ್ಲಮೇಡು ಅನ್ನೋ ಊರಿನ ಹತ್ತಿರ ಈ ಮೂಳೆಗಳು ಸಿಕ್ಕಿದ್ದು. 1980ರ ದಶಕದ ಕೊನೆಯಲ್ಲಿ ನಿಮ್ಮ ಸಂಸ್ಥೆಯ ಯಾದಗಿರಿ ಮತ್ತು ಅಯ್ಯಸಾಮಿ ಅವರು ಹೆಸರಿಟ್ಟರು. ಸೊಂಟದ ಮೂಳೆ, ತೊಡೆಮೂಳೆಯ ತುಂಡು, ಮೊಣಕಾಲ ಕೆಳಗಿನ ಮೂಳೆ, ಮುಂಗಾಲಿನ ಒಂದು ಮೂಳೆ, ಬಾಲದ ಮಣಿಯ ಚೂರು. ಮೊಣಕಾಲ ಕೆಳಗಿನ ಮೂಳೆ ಒಂದೇ 2 ಮೀಟರ್ ಉದ್ದ ಅಂತ ವರದಿ. ನಮ್ಮ ಕ್ಲಾಸ್ ರೂಮಿನ ಬಾಗಿಲಿಗೆ ಟೇಪು ಹಿಡಿದೆವು. ಹೊಸ್ತಿಲಿಂದ ಮೇಲಿನ ಚೌಕಟ್ಟಿನವರೆಗೆ ಹೆಚ್ಚುಕಡಿಮೆ ಅಷ್ಟೇ. "ಮಂಡಿಯಿಂದ ಹಿಮ್ಮಡಿಗೇ ಇಷ್ಟಾ ಮಿಸ್?" ಅಂತ ಹುಡುಗರು ಬಾಗಿಲಲ್ಲೇ ನಿಂತುಬಿಟ್ಟರು.

ಮೊದಲು ಇದನ್ನು ಮಾಂಸ ತಿನ್ನುವ ಡೈನೋಸಾರ್ ಅಂತ ವರ್ಗೀಕರಿಸಿದ್ದರು. ಆಮೇಲೆ ಬೇರೆ ತಜ್ಞರು, ಅಲ್ಲ, ಇದು ಉದ್ದ ಕತ್ತಿನ ಸಸ್ಯಾಹಾರಿ ಸಾರೋಪಾಡ್ ಅಂದರು. ಹುಲಿ ಅಂದಿದ್ದು ಆನೆ ಆದ ಹಾಗೆ! ಇನ್ನು ಕೆಲವರು, ಇದು ಮೂಳೆಯೇ ಅಲ್ಲ, ಕಲ್ಲಾದ ಮರದ ಬೊಡ್ಡೆ ಇರಬೇಕು ಅಂತ ಅನುಮಾನ ಎತ್ತಿದರು. ಮೂಲ ಲೇಖನದಲ್ಲಿ ಗೆರೆ ಎಳೆದು ಬಿಡಿಸಿದ ಚಿತ್ರಗಳು ಬಿಟ್ಟರೆ ಕಣ್ಣಿಗೆ ಆಧಾರ ಆಗುವಂಥದ್ದು ಜಾಸ್ತಿ ಇರಲಿಲ್ಲ. ಹೋಗಿ ನೋಡೋಣ ಅಂದರೆ ಮೂಳೆಗಳೇ ಇಲ್ಲ. ಅವು ಪುಡಿಪುಡಿಯಾಗಿ ಹೋಗಿವೆ. ಅಲ್ಲಿನ ಮಣ್ಣು ಮೆತ್ತನೆಯದು, ಮೂಳೆಗಳು ಮೊದಲೇ ಬಿರುಕು ಬಿಟ್ಟಿದ್ದವು, ಮೇಲೆ ಮಳೆ. ಹೊರಗೆ ಬಂದ ಮೂಳೆ ನೀರು ಕುಡಿದು ಒಣಗಿ, ಮತ್ತೆ ನೀರು ಕುಡಿದು ಒಣಗಿದರೆ ಹಳೇ ರಸ್ಕಿನ ಹಾಗೆ ಉದುರುತ್ತದೆ.

2022ರಲ್ಲಿ ಪಾಲ್ ಅನ್ನುವ ಇನ್ನೊಬ್ಬರು (ಆಗ ಹೇಳಿದ ಅಪ್‌ಚರ್ಚ್ ಅಲ್ಲ) ಮತ್ತು ಅದೇ ಅಯ್ಯಸಾಮಿ ಅವರು ಆ ಕಾಲದ ಹಳೇ ಫೋಟೋಗಳನ್ನು ಕೊನೆಗೂ ಪ್ರಕಟಿಸಿದರು. ಮರದ ಬೊಡ್ಡೆ ವಾದ ಆಗ ತಣ್ಣಗಾಯಿತು. ಮರುವರ್ಷವೇ, ಇದರ ತೂಕ 100 ಟನ್ ದಾಟಿರಬಹುದು, ದೊಡ್ಡ ತಿಮಿಂಗಿಲಗಳ ಸಮಕ್ಕೆ ಬರಬಹುದು ಅನ್ನೋ ಅಂದಾಜೂ ಬಂತು. ಗಮನಿಸಿ, ಮೂವತ್ತು ವರ್ಷದ ಮೇಲಿನ ಜಗಳವನ್ನು ಅಷ್ಟಾದರೂ ತಣಿಸಿದ್ದು ಕೆಲವು ಫೋಟೋಗಳು. ಅವು ಮೊದಲ ದಿನವೇ ಹೊರಗೆ ಬಂದಿದ್ದರೆ? ಆ ಮೂಳೆ ಕಂಡು ಗುರುತಿಸಿದವರ ಬಗ್ಗೆ ನನಗೆ ಗೌರವ ಇದೆ. ಬಿಸಿಲಲ್ಲಿ ಕೂತು ಕುಂಚ ಹಿಡಿದು ಮಣ್ಣು ಸರಿಸಿದವರು ಅವರು. ನನ್ನ ಪ್ರಶ್ನೆ ಅವರ ಹಿಂದೆ ನಿಲ್ಲಬೇಕಿದ್ದ ವ್ಯವಸ್ಥೆಗೆ. ಗೋಣಿಪಟ್ಟಿಯನ್ನು ಪ್ಲಾಸ್ಟರಿನಲ್ಲಿ ಅದ್ದಿ, ಮುರಿದ ಕೈಗೆ ಕಟ್ಟು ಹಾಕುವ ಹಾಗೆ ಮೂಳೆಗೆ ಸುತ್ತೋದು ಹಳೇ ವಿದ್ಯೆ. ಅದಕ್ಕೆ ಜನ, ದುಡ್ಡು, ಲಾರಿ, ಮಳೆ ಬರೋ ಮೊದಲು ಒಂದು ಸೂರು ಬೇಕು ಅಷ್ಟೇ.

ಗೊಂದಲ ನಮ್ಮಲ್ಲಿ ಮಾತ್ರ ಅಂತ ನಾನು ಹೇಳುತ್ತಿಲ್ಲ. ಸಾರೋಪಾಡ್‌ಗಳ ಹಣೆಬರಹವೇ ಅದು. ದೊಡ್ಡ ಮೈ ಪೂರ್ತಿ ಮಣ್ಣಲ್ಲಿ ಮುಚ್ಚಿಹೋಗೋಕೆ ತುಂಬ ಹೂಳು ಬೇಕು. ಅಷ್ಟರಲ್ಲಿ ನೀರು ಒಂದೊಂದು ಮೂಳೆಯನ್ನು ಒಂದೊಂದು ಕಡೆ ಎಳೆದಿರುತ್ತದೆ. ತಲೆ ಮೈಗೆ ಹೋಲಿಸಿದರೆ ತೀರ ಚಿಕ್ಕದು, ಬೇಗ ಕಳಚಿಕೊಳ್ಳುತ್ತದೆ. ಕತ್ತಿನ ಮಣಿಗಳು ಗಾಳಿಗೂಡು ತುಂಬಿದ ತೆಳು ಹಲಗೆಗಳ ಹಾಗೆ, ಬೇಗ ಒಡೆಯುತ್ತವೆ. ಉಳಿಯೋದು ಗಟ್ಟಿ ಇರುವ ಬಾಲ ಮತ್ತು ಕಾಲು. ಒಂದೇ ಬಾಲದಲ್ಲೂ ಬುಡದ ಮಣಿಯೇ ಬೇರೆ, ತುದಿಯ ಮಣಿಯೇ ಬೇರೆ. ಬುಡದ್ದು ಒಬ್ಬರಿಗೆ, ತುದಿಯದ್ದು ಇನ್ನೊಬ್ಬರಿಗೆ ಸಿಕ್ಕರೆ ಎರಡು ಹೆಸರು ಹುಟ್ಟೋದು ಸಹಜ ಅಲ್ವಾ?

ಅಮೆರಿಕದ ಎರಡು ಉದಾಹರಣೆ ಪಕ್ಕಪಕ್ಕ ಇಟ್ಟು ನೋಡಿ. ಅದೇ ಮಾರ್ಷ್ 1879ರಲ್ಲಿ ಬ್ರಾಂಟೋಸಾರಸ್ ಅಂತ ಹೆಸರಿಟ್ಟ. 1903ರಲ್ಲಿ ರಿಗ್ಸ್ ಅನ್ನುವವರು, ಇದು ಮೊದಲೇ ಹೆಸರಾದ ಅಪಾಟೋಸಾರಸ್ಸೇ ಅಂತ ಆ ಹೆಸರನ್ನು ಬದಿಗಿಟ್ಟರು. 2015ರಲ್ಲಿ ಇನ್ನೊಂದು ತಂಡ ಹತ್ತಾರು ಅಸ್ಥಿಪಂಜರಗಳನ್ನು ಮತ್ತೆ ಅಳೆದು, ಇಲ್ಲ, ಬೇರೆಯೇ ಇರಬಹುದು ಅಂದಿತು. ಎಲ್ಲರೂ ಒಪ್ಪಿದ್ದಾರೆ ಅಂತಲ್ಲ. ಆದರೆ ಜಗಳ ಆಡೋಕೆ ಮೂಳೆ ಇದೆ, ಯೇಲ್ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿ ನಿಂತಿದೆ. ಇನ್ನೊಂದು, 1878ರಲ್ಲಿ ಕೋಪ್ ಎಂಬಾತ ವರ್ಣಿಸಿದ ಬೆನ್ನುಮಣಿ. ಮುರಿದು ಉಳಿದ ಭಾಗವೇ 1.5 ಮೀಟರ್ ಎತ್ತರ. ಮೂಳೆ ಎಷ್ಟು ಮೆದು ಇತ್ತು ಅಂದರೆ ಪ್ರಭೇದದ ಹೆಸರೇ 'ಫ್ರಾಜಿಲ್ಲಿಮಸ್', ಅಂದರೆ ತೀರ ಸುಲಭವಾಗಿ ಮುರಿಯುವಂಥದ್ದು. ಅದೂ ಕಳೆದುಹೋಯಿತು. ಉಳಿದದ್ದು ಒಂದು ಚಿತ್ರ. 2018ರಲ್ಲಿ ಆ ಚಿತ್ರವನ್ನೇ ನೋಡಿ ಅದನ್ನು ಬೇರೊಂದು ಕುಟುಂಬಕ್ಕೆ ಸೇರಿಸಿ ಮಾರಾಪುನಿಸಾರಸ್ ಅಂತ ಹೊಸ ಹೆಸರಿಟ್ಟರು. ಅಂದಾಜಿನ ಉದ್ದವೂ ಒಂದೇ ಏಟಿಗೆ ಎಷ್ಟೋ ಮೀಟರ್ ಇಳಿಯಿತು. ಬ್ರಾಂಟೋಸಾರಸ್ಸಿಗೆ ಬಾಂದುಕಲ್ಲಿದೆ, ಇದಕ್ಕಿಲ್ಲ. ನಮ್ಮ ಬೃಹತ್ಕಾಯನದೂ ಇದೇ ಪಾಡು.

ನಮ್ಮಲ್ಲೂ ಚೆನ್ನಾಗಿ ನಡೆದದ್ದಿದೆ. ಅದನ್ನು ಹೇಳದಿದ್ದರೆ ನನ್ನ ಪತ್ರ ಬರೀ ಗೊಣಗಾಟ ಆಗುತ್ತದೆ. ಗೋದಾವರಿ ಕಣಿವೆಯಲ್ಲಿ, ಈಗಿನ ತೆಲಂಗಾಣದಲ್ಲಿ, ಸುಮಾರು 300 ಮೂಳೆಗಳು ಒಂದೇ ಕಡೆ ಸಿಕ್ಕವು. ಒಂದಲ್ಲ, ಹಲವು ಪ್ರಾಣಿಗಳ ಮೂಳೆಗಳು. ಭಾರತೀಯ ಸಾಂಖ್ಯಿಕ ಸಂಸ್ಥೆಯವರು ಅವನ್ನು ಕೋಲ್ಕತ್ತಾಗೆ ತಂದು, ವರ್ಷಗಟ್ಟಲೆ ಕೂತು, 1975ರಲ್ಲಿ ಹೆಸರಿಟ್ಟರು: ಬಾರಾಪಾಸಾರಸ್ ಟಾಗೋರೈ. ಬಡಾ ಪಾ, ಅಂದರೆ ದೊಡ್ಡ ಕಾಲು. ರವೀಂದ್ರನಾಥ ಠಾಕೂರರ ನೂರನೇ ವರ್ಷದಲ್ಲಿ ಅಗೆತ ನಡೆಯುತ್ತಿದ್ದ ನೆನಪಿಗೆ ಟಾಗೋರೈ. ಜೋಡಿಸಿದ ಅಸ್ಥಿಪಂಜರ ಅವರ ಮ್ಯೂಸಿಯಂನಲ್ಲಿ ನಿಂತಿದೆ. ಹೆಸರಿಡೋಕೆ ಅವಸರ ಮಾಡಲಿಲ್ಲ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯಲಿಲ್ಲ. ಮಹಾರಾಷ್ಟ್ರದ ಡೊಂಗರಗಾಂವ್‌ನಲ್ಲಿ ಸಿಕ್ಕ ಇನ್ನೊಂದಕ್ಕೆ 1997ರಲ್ಲಿ ಟೈಟಾನೋಸಾರಸ್ ಕೋಲ್ಬರ್ಟೈ ಅಂತ ಹೆಸರಿಟ್ಟಿದ್ದರು. ನಾನು ಹೇಳಿದ ಆ 2003ರ ಪರೀಕ್ಷೆಯಲ್ಲಿ ಅದಕ್ಕೆ ಐಸಿಸಾರಸ್ ಅಂತ ಸ್ವಂತ ಹೆಸರು ಬಂತು. ಐಎಸ್‌ಐ ಅಂದರೆ ಅದೇ ಸಾಂಖ್ಯಿಕ ಸಂಸ್ಥೆ, ಕುಕ್ಕರಿನ ಮೇಲಿನ ಐಎಸ್‌ಐ ಅಲ್ಲ. ಅಸ್ಥಿಪಂಜರದ ಬಹುಭಾಗ ಕೈಯಲ್ಲಿತ್ತು, ಆದ್ದರಿಂದ ಹೆಸರು ಬದಲಾದರೂ ಪ್ರಾಣಿ ಅಲುಗಲಿಲ್ಲ.

ಜಬಲ್ಪುರದ್ದೇ ಇನ್ನೊಂದು ಹೆಸರು ಹೇಳದೆ ಇರಲಾರೆ. 1933ರಲ್ಲಿ ಫಾನ್ ಹ್ಯೂನೆ ಮತ್ತು ಮ್ಯಾಟ್ಲಿ ಒಂದು ದೊಡ್ಡ ಸಾರೋಪಾಡನ್ನು ಅರ್ಜೆಂಟೀನಾದ ಅಂಟಾರ್ಕ್ಟೋಸಾರಸ್ ಗುಂಪಿಗೆ ಸೇರಿಸಿ, ಸೆಪ್ಟೆಂಟ್ರಿಯೊನಾಲಿಸ್ ಅಂತ ಕರೆದರು. ಮೊದಲ ಪದಕ್ಕೆ 'ದಕ್ಷಿಣದ ಹಲ್ಲಿ' ಅಂತ ಅರ್ಥ, ಎರಡನೆಯದಕ್ಕೆ 'ಉತ್ತರದ್ದು' ಅಂತ. ಉತ್ತರದ ದಕ್ಷಿಣ ಹಲ್ಲಿ! 1995ರಲ್ಲಿ ಸೋಹನ್ ಲಾಲ್ ಜೈನ್ ಅವರ ಗೌರವಕ್ಕೆ ಜೈನೋಸಾರಸ್ ಅಂತಾಯಿತು. ಮ್ಯಾಟ್ಲಿ ಅಗೆದ ಮೂಳೆಗಳು ಕೆಲವು ಕೋಲ್ಕತ್ತಾದಲ್ಲಿ, ಕೆಲವು ಲಂಡನ್ನಿನಲ್ಲಿ. ಎರಡೂ ಕಡೆ ಹೋಗೋ ಶಕ್ತಿ ಇದ್ದವರು ಮಾತ್ರ ಪೂರ್ತಿ ನೋಡಬಹುದು.

ಮೊಟ್ಟೆಗಳ ವಿಷಯದಲ್ಲಿ ತಜ್ಞರು ಎಷ್ಟು ಪ್ರಾಮಾಣಿಕರು ನೋಡಿ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 92 ಗೂಡು, 256 ಮೊಟ್ಟೆ ಸಿಕ್ಕಿದ್ದನ್ನು 2023ರಲ್ಲಿ ಪ್ರಕಟಿಸಿದರು. ಯಾವ ತಾಯಿಯ ಮೊಟ್ಟೆ ಅಂತ ಗೊತ್ತಿಲ್ಲ. ಅದಕ್ಕೆ ಮೊಟ್ಟೆಗೆ ಮೊಟ್ಟೆಯದೇ ಹೆಸರು, ಆರು ಬಗೆ. ಪ್ರಾಣಿಯ ಹೆಸರು ಅಂಟಿಸುವ ಆಸೆಗೆ ಬೀಳಲಿಲ್ಲ. ಆ ಕಡೆಯ ರೈತರು ಇಂಥ ಗುಂಡುಗಳನ್ನು ಕಾಕಡ್ ಭೈರವ ಅಂತ ಹೊಲದ ಕಾವಲಿಗೆ ಇಟ್ಟು ಪೂಜೆ ಮಾಡುತ್ತಿದ್ದರಂತೆ. ನಿಜ ಹೇಳಬೇಕೆಂದರೆ ಅವರು ಕೆಲವು ಮ್ಯೂಸಿಯಂಗಳಿಗಿಂತ ಜೋಪಾನವಾಗಿಯೇ ಇಟ್ಟಿದ್ದರು.

ನಾನು ಕೇಳೋದು ದೊಡ್ಡದೇನಲ್ಲ. ನಿಮ್ಮ ಬೀರುಗಳಲ್ಲಿ ಇರುವ ಡೈನೋಸಾರ್ ಮೂಲ ಮಾದರಿಗಳ ಒಂದು ಪಟ್ಟಿ ಮಾಡಿ ಎಲ್ಲರಿಗೂ ಕಾಣುವ ಹಾಗೆ ಹಾಕಿ. ಯಾವುದು ಇದೆ, ಯಾವುದು ಕಳೆದಿದೆ, ಯಾವುದು ಪುಡಿಯಾಗಿದೆ ಅಂತ ಸಂಕೋಚ ಇಲ್ಲದೆ ಬರೆಯಿರಿ. ಪ್ರತಿ ಮೂಳೆಗೆ ಸುತ್ತಲಿಂದ ಫೋಟೋ ತೆಗೆಸಿ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಈಗ ಮೊಬೈಲಿನಲ್ಲೇ ನೂರಾರು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ತಿರುಗಿಸಿ ನೋಡುವ ಮೂಳೆ ಮಾಡುತ್ತಾರೆ. ಲಂಡನ್ನಿನ ತುಂಡು, ಕೋಲ್ಕತ್ತಾದ ತುಂಡು ಒಂದೇ ಪರದೆಯಲ್ಲಿ ಸೇರಲಿ. ಹೊಸದಾಗಿ ಸಿಕ್ಕ ಮೂಳೆ ಮಳೆಗಾಲಕ್ಕೆ ಮುಂಚೆ ಒಳಗೆ ಬರಲಿ, ಬರೋ ತನಕ ಪತ್ರಿಕೆಯವರಿಗೆ 'ಜಗತ್ತಿನಲ್ಲೇ ದೊಡ್ಡದು' ಅಂತ ಹೇಳಿಕೆ ಕೊಡೋದು ಬೇಡ. ಪಳೆಯುಳಿಕೆ ಕಾಪಾಡೋಕೆ ಗಣಿ ಸಚಿವಾಲಯ 2022ರಲ್ಲಿ ಒಂದು ಮಸೂದೆಯ ಕರಡು ತಂದಿತ್ತು. ನಿಮ್ಮ ಸಂಸ್ಥೆಗೇ ಅದರಲ್ಲಿ ದೊಡ್ಡ ಪಾಲು. ಆ ಅಧಿಕಾರ ಬರುವ ಮೊದಲು ಮನೆಯ ಬೀರು ತೆಗೆದು ತೋರಿಸಿದರೆ ನಿಮ್ಮ ಮಾತಿಗೂ ತೂಕ ಬರುತ್ತದೆ.

ಇನ್ನೊಂದು ಸಣ್ಣ ಕೋರಿಕೆ, ಫಲಕಗಳ ಬಗ್ಗೆ. ಒಂದು ಊರಿನ ಪಾರ್ಕಿನಲ್ಲಿ ಸಿಮೆಂಟಿನ ಡೈನೋಸಾರ್ ನೋಡಿದ್ದೆ. ಕೆಳಗೆ 'ಟೈಟಾನೋಸಾರಸ್' ಅಂತ ಬೋರ್ಡು, ಉದ್ದ ಇಷ್ಟು, ತೂಕ ಇಷ್ಟು ಅಂತ ಕೆಜಿ ಲೆಕ್ಕದಲ್ಲಿ. ಎರಡು ಬಾಲದ ಮಣಿಯಿಂದ ಕೆಜಿ ತನಕ ಹೋದವರು ಯಾರೋ! ನೀವು ಮಕ್ಕಳಿಗೆ ಮಾಡುವ ಬೋರ್ಡಿನಲ್ಲಿ ಸಿಕ್ಕ ಮೂಳೆಗೆ ಒಂದು ಬಣ್ಣ, ಊಹೆ ಮಾಡಿದ ಭಾಗಕ್ಕೆ ಒಂದು ಬಣ್ಣ ಹಾಕಿಸಿ. ಮಕ್ಕಳಿಗೆ ಅರ್ಥ ಆಗಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನನ್ನ ಹುಡುಗಿ ಚಾರ್ಟನ್ನು ಹೊಸದಾಗಿ ಮಾಡಿದ್ದಾಳೆ. ಉದ್ದ ಕತ್ತಿನ ಪ್ರಾಣಿಯ ಹೊರಗೆರೆ ಪೆನ್ಸಿಲ್ಲಿನಲ್ಲಿ ಬಿಡಿಸಿ, ಬಾಲದ ಹತ್ತಿರ ಎರಡೇ ಎರಡು ಚೌಕಕ್ಕೆ ಕಂದು ಬಣ್ಣ ತುಂಬಿದ್ದಾಳೆ. ಕೆಳಗೆ ಅವಳದೇ ಸಾಲು: 'ಸಿಕ್ಕಿದ್ದು ಇಷ್ಟು. ಪ್ರಾಣಿ ಇತ್ತು. ಯಾವುದು ಅಂತ ಇನ್ನೂ ಗೊತ್ತಾಗಿಲ್ಲ.'

ಆ ಚೌಕಗಳ ಪಕ್ಕ ಅಂಟಿಸೋಕೆ ಆ ಮೂಳೆಯ ಒಂದು ಒಳ್ಳೆಯ ಬಣ್ಣದ ಫೋಟೋ ಬೇಕಂತೆ. ಈ ಸಲದ ವಸ್ತುಪ್ರದರ್ಶನ ಡಿಸೆಂಬರಿನಲ್ಲಿದೆ. ಅಷ್ಟರೊಳಗೆ ಕಳಿಸಿಕೊಟ್ಟರೆ ಉಪಕಾರ. ಪಕ್ಕದಲ್ಲಿ ಸ್ಕೇಲ್ ಇಡೋದು ಮರೀಬೇಡಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹೈಸ್ಕೂಲ್ ವಿಜ್ಞಾನ ಟೀಚರ್